ಬೇಲಿ ಹಾಕಿ ಕಾಪಾಡಿದರೂ ಅಳಿದುಹೋದ ಚಿಟ್ಟೆ: ‘ದೊಡ್ಡ ನೀಲಿ’ಯ ಬದುಕು, ನೆಲೆ ಮತ್ತು ಮರಳಿ ಬಂದ ಕಥೆ

ಪರಿಸರದ ಬಗ್ಗೆ ನಮ್ಮ ಮೊಬೈಲ್‌ಗೆ ಬರುವ ಸಂದೇಶಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಿಸುತ್ತದೆ: ‘ಮನುಷ್ಯ ದೂರ ಸರಿದರೆ ಸಾಕು, ಪ್ರಕೃತಿ ತಾನಾಗಿಯೇ ಸರಿಹೋಗುತ್ತದೆ.’ ಕೇಳಲು ಹಿತವಾದ ಮಾತು. ಎಷ್ಟೋ ಕಡೆ ನಿಜವೂ ಹೌದು. ಆದರೆ ಎಲ್ಲ ಕಡೆಯೂ ನಿಜವೇ?

ಇಂಗ್ಲೆಂಡಿನ ಹುಲ್ಲುಗಾವಲುಗಳಲ್ಲಿ ಒಂದು ನೀಲಿ ಚಿಟ್ಟೆಯಿತ್ತು. ಅದು ಕಡಿಮೆಯಾಗುತ್ತಿದೆ ಎಂದು ಗೊತ್ತಾದಾಗ ಜನ ಸುಮ್ಮನೆ ಕೂರಲಿಲ್ಲ. ಚಿಟ್ಟೆ ಹಿಡಿಯುವವರು ಒಳಗೆ ಬಾರದಂತೆ ಬೇಲಿ ಹಾಕಿದರು, ಜಾಗವನ್ನು ಕಾಯ್ದಿರಿಸಿದರು, ಕಾನೂನಿನ ರಕ್ಷಣೆಯನ್ನೂ ಕೊಟ್ಟರು. ಆದರೂ 1979ರಲ್ಲಿ ಅದು ಬ್ರಿಟನ್ನಿನಿಂದ ಪೂರ್ತಿ ಅಳಿದುಹೋಯಿತು. ಕಾರಣ ಹುಡುಕಿದಾಗ ಸಿಕ್ಕ ಉತ್ತರ ಇನ್ನೂ ವಿಚಿತ್ರ: ಕಾಪಾಡಲು ಹಾಕಿದ ಬೇಲಿಯೇ ಕೆಲವು ಕಡೆ ಅದಕ್ಕೆ ಮುಳುವಾಗಿತ್ತು.

ಬೇಲಿ ಹಾಕಿದರೆ ಚಿಟ್ಟೆ ಸಾಯುವುದು ಹೇಗೆ? ಇದು ಅರ್ಥವಾಗಬೇಕಾದರೆ ಆ ಚಿಟ್ಟೆಯ ಇಡೀ ಬದುಕನ್ನು ಮೊಟ್ಟೆಯಿಂದ ರೆಕ್ಕೆಯವರೆಗೆ ನೋಡಬೇಕು. ಬನ್ನಿ, ಒಂದೊಂದಾಗಿ ತಿಳಿಯೋಣ.

ಚುಟುಕಾಗಿ ಹೇಳುವುದಾದರೆ

- ಹೆಸರು: ಇಂಗ್ಲಿಷಿನಲ್ಲಿ ‘ಲಾರ್ಜ್ ಬ್ಲೂ’, ಅಂದರೆ ದೊಡ್ಡ ನೀಲಿ. ವೈಜ್ಞಾನಿಕ ಹೆಸರು ಫೆಂಗಾರಿಸ್ ಏರಿಯಾನ್. ಹಳೆಯ ಪುಸ್ತಕಗಳಲ್ಲಿ ಮ್ಯಾಕುಲಿನಿಯಾ ಏರಿಯಾನ್ ಎಂದಿದೆ.
- ಕುಟುಂಬ: ಲೈಕೆನಿಡೆ, ಅಂದರೆ ‘ನೀಲಿ’ಗಳ ಕುಟುಂಬ.
- ನೆಲೆ: ದನ, ಕುರಿ, ಮೊಲಗಳು ಮೇಯ್ದು ಗಿಡ್ಡವಾಗಿರುವ, ಬಿಸಿಲು ಚೆನ್ನಾಗಿ ಬೀಳುವ ಹುಲ್ಲುಗಾವಲು.
- ಮರಿಹುಳುವಿನ ಆಹಾರ: ಮೊದಲ ಎರಡು ಮೂರು ವಾರ ಥೈಮ್ ಗಿಡದ ಹೂವು, ಆಮೇಲೆ ಇರುವೆಗಳ ಮರಿ.
- ಒಂದು ಪೀಳಿಗೆಗೆ ಬೇಕಾದ ಸಮಯ: ಸಾಮಾನ್ಯವಾಗಿ ಒಂದು ವರ್ಷ. ಅದರಲ್ಲಿ ಹತ್ತು ತಿಂಗಳಿಗೂ ಹೆಚ್ಚು ಕಾಲ ಇರುವೆ ಗೂಡಿನೊಳಗೆ.
- ಬ್ರಿಟನ್ನಿನಲ್ಲಿ ಅಳಿದದ್ದು 1979ರಲ್ಲಿ. ಸ್ವೀಡನ್ನಿನಿಂದ ಮರಳಿ ತರಲು ಶುರುಮಾಡಿದ್ದು 1983ರಲ್ಲಿ.

ಈ ಚಿಟ್ಟೆ ನೋಡಲು ಹೇಗಿರುತ್ತದೆ?

ಹೆಸರಿನಲ್ಲಿ ‘ದೊಡ್ಡ’ ಎಂದಿದ್ದರೂ ಇದು ಅಂಗೈಯಷ್ಟು ಅಗಲದ ಚಿಟ್ಟೆಯಲ್ಲ. ರೆಕ್ಕೆ ಬಿಚ್ಚಿದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 4ರಿಂದ 5 ಸೆಂಟಿಮೀಟರ್ ಮಾತ್ರ. ಇದರ ಕುಟುಂಬದ ಉಳಿದ ನೀಲಿ ಚಿಟ್ಟೆಗಳು ಇನ್ನೂ ಚಿಕ್ಕವು, ಹಾಗಾಗಿ ಇದು ‘ದೊಡ್ಡ’ದು. ರೆಕ್ಕೆಯ ಮೇಲ್ಭಾಗ ಹೊಳೆಯುವ ನೀಲಿ. ಮುಂದಿನ ರೆಕ್ಕೆಗಳ ಮೇಲೆ ಕಪ್ಪು ಚುಕ್ಕೆಗಳಿದ್ದು, ಅಂಚಿನಲ್ಲಿ ಕಪ್ಪು ಪಟ್ಟಿ ಇರುತ್ತದೆ. ರೆಕ್ಕೆ ಮುಚ್ಚಿ ಕುಳಿತಾಗ ಕಾಣುವ ಕೆಳಭಾಗ ಬೂದು ಬಣ್ಣದ್ದು, ಅದರ ತುಂಬ ಕಪ್ಪು ಚುಕ್ಕೆಗಳು.

ಯುರೋಪಿನಿಂದ ಮಧ್ಯ ಏಷ್ಯಾದವರೆಗೆ ಇದರ ನೆಲೆ ಹರಡಿದೆ. ಬ್ರಿಟನ್ನಿನಲ್ಲಿ ಇದನ್ನು 1795ರಲ್ಲಿ ಗುರುತಿಸಿದರು. ಅಲ್ಲಿ ಮೊದಲಿನಿಂದಲೂ ಇದು ಅಪರೂಪವೇ. ದಕ್ಷಿಣ ಇಂಗ್ಲೆಂಡಿನ ಡೆವನ್, ಕಾರ್ನ್‌ವಾಲ್, ಸಾಮರ್‌ಸೆಟ್, ಕಾಟ್ಸ್‌ವೋಲ್ಡ್ಸ್ ಮುಂತಾದ ಕಡೆಯ ಇಳಿಜಾರು ಹುಲ್ಲುಗಾವಲುಗಳಲ್ಲಿ ಅಲ್ಲಲ್ಲಿ ಗುಂಪುಗಳಿದ್ದವು.

ಅದರ ಬದುಕಿನ ಹಂತಗಳು

ಶಾಲೆಯಲ್ಲಿ ನಾವೆಲ್ಲ ಓದಿದ್ದು ಹೀಗೆ: ಮೊಟ್ಟೆ, ಮರಿಹುಳು, ಕೋಶ, ಚಿಟ್ಟೆ. ಮರಿಹುಳು ಎಲೆ ತಿನ್ನುತ್ತದೆ, ಚಿಟ್ಟೆ ಮಕರಂದ ಹೀರುತ್ತದೆ. ದೊಡ್ಡ ನೀಲಿಯಲ್ಲೂ ಈ ನಾಲ್ಕು ಹಂತಗಳಿವೆ. ಆದರೆ ನಡುವೆ ಒಂದು ಮೋಸದಾಟ ನಡೆಯುತ್ತದೆ.

ಹಂತ 1: ಮೊಟ್ಟೆ

ಜೂನ್, ಜುಲೈ ತಿಂಗಳು ಇಂಗ್ಲೆಂಡಿನಲ್ಲಿ ಬೇಸಿಗೆ. ಆಗ ಹೆಣ್ಣು ಚಿಟ್ಟೆ ಕಾಡು ಥೈಮ್ ಗಿಡದ ಮೊಗ್ಗುಗಳ ನಡುವೆ ಒಂದೊಂದೇ ಮೊಟ್ಟೆ ಇಡುತ್ತದೆ. ಥೈಮ್ ಎಂದರೆ ನೆಲಕ್ಕೆ ಅಂಟಿಕೊಂಡು ಹರಡುವ, ನೇರಳೆ ಹೂ ಬಿಡುವ ಘಮಘಮಿಸುವ ಪುಟ್ಟ ಗಿಡ. ನಮ್ಮ ತುಳಸಿಯ ಕುಟುಂಬಕ್ಕೇ ಸೇರಿದ್ದು. ಯುರೋಪಿನ ಕೆಲವು ಭಾಗಗಳಲ್ಲಿ ಈ ಚಿಟ್ಟೆ ಅದೇ ಕುಟುಂಬದ ಇನ್ನೊಂದು ಗಿಡದ ಮೇಲೂ ಮೊಟ್ಟೆ ಇಡುತ್ತದೆ. ಅದು ನಾವು ಪಿಜ್ಜಾ ಮೇಲೆ ಉದುರಿಸಿಕೊಳ್ಳುವ ಓರೆಗಾನೊ ಗಿಡ. ಸುಮಾರು ಐದರಿಂದ ಹತ್ತು ದಿನಗಳಲ್ಲಿ ಮೊಟ್ಟೆ ಒಡೆಯುತ್ತದೆ.

ಹಂತ 2: ಹೂವಿನೊಳಗಿನ ಮರಿಹುಳು

ಹೊರಬಂದ ಮರಿಹುಳು ಥೈಮ್ ಹೂವಿನೊಳಗೆ ಸೇರಿಕೊಂಡು ಹೂವನ್ನೂ ಎಳೆಯ ಬೀಜವನ್ನೂ ತಿನ್ನುತ್ತದೆ. ಒಂದೇ ಹೂಗೊಂಚಲಿನಲ್ಲಿ ಎರಡು ಮರಿಹುಳುಗಳಿದ್ದರೆ ಒಂದು ಇನ್ನೊಂದನ್ನು ತಿಂದುಬಿಡುವುದೂ ಉಂಟು. ಎರಡು ಮೂರು ವಾರಗಳಲ್ಲಿ ಅದು ಮೂರು ಸಲ ಪೊರೆ ಕಳಚುತ್ತದೆ. ಇಷ್ಟಾದರೂ ಅದರ ಉದ್ದ ಸುಮಾರು 4 ಮಿಲಿಮೀಟರ್, ಅಂದರೆ ಒಂದು ಅಕ್ಕಿ ಕಾಳಿಗಿಂತಲೂ ಚಿಕ್ಕದು.

ಇಲ್ಲಿಂದ ಮುಂದೆ ಏನಾಗುತ್ತದೆ ಎಂಬುದು ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಮರಿಹುಳು ಸಾಕಿ ನೋಡಿದವರಿಗೆಲ್ಲ ಒಂದೇ ಅನುಭವ. ಮೂರನೇ ಪೊರೆ ಕಳಚಿದ ಮೇಲೆ ಹುಳು ಥೈಮ್ ಮುಟ್ಟುವುದಿಲ್ಲ, ಬೇರೆ ಯಾವ ಸೊಪ್ಪನ್ನೂ ತಿನ್ನುವುದಿಲ್ಲ, ಅತ್ತಿತ್ತ ಹರಿದಾಡಿ ಸಾಯುತ್ತದೆ. 1915ರ ಆಸುಪಾಸಿನಲ್ಲಿ ಚಾಪ್‌ಮನ್, ಫ್ರೊಹಾಕ್, ಪ್ಯೂರ್‌ಫಾಯ್ ಎಂಬ ಮೂವರು ಕೀಟಪ್ರಿಯರ ಪ್ರಯತ್ನದಿಂದ ಈ ಒಗಟು ಬಿಡಿಸಿಕೊಂಡಿತು. ಹುಳುವಿಗೆ ಬೇಕಾಗಿದ್ದದ್ದು ಸೊಪ್ಪಲ್ಲ, ಇರುವೆ ಗೂಡು.

ಹಂತ 3: ಇರುವೆಗೆ ಟೋಪಿ

ಸಂಜೆ ಹೊತ್ತಿಗೆ ಮರಿಹುಳು ಹೂವಿನಿಂದ ನೆಲಕ್ಕೆ ಉದುರುತ್ತದೆ. ಅದು ದೂರ ನಡೆದು ಹೋಗಿ ಇರುವೆ ಗೂಡು ಹುಡುಕುವುದಿಲ್ಲ. ಬಿದ್ದಲ್ಲೇ ಕಾಯುತ್ತದೆ. ಆಹಾರ ಹುಡುಕಲು ಹೊರಟ ಮೈರ್ಮಿಕಾ ಎಂಬ ಜಾತಿಯ ಕೆಂಪು ಇರುವೆ ಎದುರಾದರೆ ಅದೃಷ್ಟ. ಇಲ್ಲದಿದ್ದರೆ ಅಲ್ಲಿಗೆ ಕಥೆ ಮುಗಿಯಿತು.

ಇರುವೆ ಬಂದು ಮೀಸೆಯಿಂದ ಮುಟ್ಟಿ ನೋಡಿದಾಗ ಮರಿಹುಳು ಬೆನ್ನಿನ ಮೇಲಿರುವ ಗ್ರಂಥಿಯಿಂದ ಒಂದು ಹನಿ ಸಿಹಿ ರಸ ಸುರಿಸುತ್ತದೆ. ಇರುವೆ ಅದನ್ನು ಹೀರುತ್ತದೆ. ಈ ಪರಿಚಯ ಕೆಲವೊಮ್ಮೆ ಒಂದು ಗಂಟೆಗೂ ಹೆಚ್ಚು ಹೊತ್ತು ನಡೆಯುತ್ತದೆ. ಕೊನೆಗೆ ಮರಿಹುಳು ಮೈಯನ್ನು ಉಬ್ಬಿಸಿ, ಮುಂಭಾಗ ಎತ್ತಿ, ಇರುವೆ ಮರಿಯ ಆಕಾರ ತಾಳುತ್ತದೆ. ಅದರ ಮೈಮೇಲಿನ ರಾಸಾಯನಿಕದ ವಾಸನೆಯೂ ಇರುವೆ ಮರಿಯ ವಾಸನೆಯನ್ನು ಹೋಲುತ್ತದೆ. ಇರುವೆಗಳ ಲೋಕದಲ್ಲಿ ಗುರುತಿನ ಚೀಟಿ ಎಂದರೆ ವಾಸನೆ. ‘ಅಯ್ಯೋ, ನಮ್ಮ ಮರಿ ಹೊರಗೆ ಬಿದ್ದಿದೆ’ ಎಂಬಂತೆ ಇರುವೆ ಅದನ್ನು ಬಾಯಲ್ಲಿ ಕಚ್ಚಿಕೊಂಡು ಗೂಡಿಗೆ ಒಯ್ಯುತ್ತದೆ.

ಹಂತ 4: ಗೂಡಿನೊಳಗಿನ ಬೇಟೆಗಾರ

ಗೂಡು ಸೇರಿದ ಮೇಲೆ ಸಾಧು ಮರಿಹುಳು ಬೇಟೆಗಾರನಾಗುತ್ತದೆ. ಅದು ತಿನ್ನುವುದು ಇರುವೆಗಳ ಮರಿಗಳನ್ನು. ಗೂಡಿನ ಅಂಚಿನ ಕೋಣೆಯಲ್ಲಿ ವಿಶ್ರಮಿಸಿ, ಹಸಿವಾದಾಗ ಮರಿಗಳಿರುವ ಕೋಣೆಗೆ ಹೋಗಿ ತಿಂದು ಬರುತ್ತದೆ. ಮೊದಲು ದೊಡ್ಡ ಮರಿಗಳನ್ನೇ ಆರಿಸಿ ತಿನ್ನುವುದರಿಂದ ಚಿಕ್ಕವು ಬೆಳೆಯುತ್ತಾ ಇರುತ್ತವೆ, ಊಟ ಮುಗಿಯುವುದಿಲ್ಲ. ಚಳಿಗಾಲದಲ್ಲಿ ಗೂಡಿನೊಳಗೇ ನಿದ್ರೆ, ವಸಂತ ಬಂದಾಗ ಮತ್ತೆ ಊಟ. ಪೂರ್ಣ ಬೆಳೆದ ಹುಳುವಿನ ತೂಕದಲ್ಲಿ ಸುಮಾರು 98 ಶೇಕಡದಷ್ಟು ಈ ಗೂಡಿನೊಳಗೇ ಬಂದದ್ದು. ಥೈಮ್ ಹೂವಿನಿಂದ ಬಂದದ್ದು ಉಳಿದ ಚೂರು ಮಾತ್ರ.

ಒಂದೇ ಗೂಡಿಗೆ ಹಲವು ಮರಿಹುಳುಗಳು ಸೇರಿಬಿಟ್ಟರೆ ಆಹಾರ ಸಾಲದೆ ಎಲ್ಲವೂ ಸಾಯಬಹುದು. ಒಂದು ಚಿಟ್ಟೆ ಬೆಳೆಯಬೇಕಾದರೆ ನೂರಾರು ಇರುವೆಗಳಿರುವ ದೊಡ್ಡ ಗೂಡು ಬೇಕು.

ಹಂತ 5: ಕೋಶ

ಮೇ ತಿಂಗಳ ಹೊತ್ತಿಗೆ ಹುಳು ಗೂಡಿನೊಳಗೇ ಕೋಶವಾಗುತ್ತದೆ. ಅಲುಗಾಡದ ಈ ಮುದ್ದೆಯನ್ನು ಇರುವೆಗಳು ಏಕೆ ತಿನ್ನುವುದಿಲ್ಲ? ವಾಸನೆಯ ಜೊತೆಗೆ ಸದ್ದೂ ಒಂದು ಕಾರಣ. ದೊಡ್ಡ ನೀಲಿಯ ಹತ್ತಿರದ ಬಂಧುವೊಂದರ ಮರಿಹುಳು ಮತ್ತು ಕೋಶ ರಾಣಿ ಇರುವೆಯ ಸದ್ದನ್ನು ಅನುಕರಿಸುತ್ತವೆ, ಅದಕ್ಕಾಗಿಯೇ ಇರುವೆಗಳು ಅವಕ್ಕೆ ರಾಜಮರ್ಯಾದೆ ಕೊಡುತ್ತವೆ ಎಂದು ವಿಜ್ಞಾನಿಗಳು 2009ರಲ್ಲಿ ತೋರಿಸಿಕೊಟ್ಟರು.

ಹಂತ 6: ಚಿಟ್ಟೆ

ಸುಮಾರು ಮೂರು ವಾರಗಳ ನಂತರ, ಬೆಳಗಿನ ಹೊತ್ತು, ಚಿಟ್ಟೆ ಕೋಶ ಒಡೆದು ಹೊರಬರುತ್ತದೆ. ಆಗ ರೆಕ್ಕೆ ಇನ್ನೂ ಮುದುಡಿರುತ್ತದೆ. ಗೂಡಿನ ಸಂದಿಗಳಲ್ಲಿ ತೆವಳಿಕೊಂಡು ನೆಲದ ಮೇಲೆ ಬಂದು, ಹುಲ್ಲಿನ ಎಸಳೊಂದನ್ನು ಹತ್ತಿ, ರೆಕ್ಕೆ ಅರಳಿಸಿ ಒಣಗಿಸಿಕೊಂಡು ಹಾರುತ್ತದೆ. ಹಾರಾಟದ ಬದುಕು ಕೆಲವೇ ದಿನಗಳದ್ದು. ಅಷ್ಟರಲ್ಲಿ ಜೊತೆ ಹುಡುಕಿ, ಮೊಟ್ಟೆಯಿಟ್ಟು ಮುಗಿಸಬೇಕು. ಕೆಲವು ಮರಿಹುಳುಗಳು ಮಾತ್ರ ಒಂದರ ಬದಲು ಎರಡು ವರ್ಷ ಗೂಡಿನಲ್ಲಿ ಉಳಿಯುತ್ತವೆ.

ಹಾಗಾದರೆ ಅದು ಅಳಿದದ್ದು ಏಕೆ?

ಹತ್ತೊಂಬತ್ತನೇ ಶತಮಾನದಿಂದಲೇ ಈ ಚಿಟ್ಟೆಯ ಗುಂಪುಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಮೊದಲ ಅನುಮಾನ ಚಿಟ್ಟೆ ಸಂಗ್ರಹಿಸುವವರ ಮೇಲೆ. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಚಿಟ್ಟೆ ಹಿಡಿದು ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಡುವುದು ದೊಡ್ಡ ಹವ್ಯಾಸ. ಅಪರೂಪದ ಚಿಟ್ಟೆಗೆ ಬೆಲೆಯೂ ಹೆಚ್ಚು. ‘ಬಲೆ ಹಿಡಿದವರನ್ನು ತಡೆದರೆ ಚಿಟ್ಟೆ ಉಳಿಯುತ್ತದೆ’ ಎಂದು ಎಲ್ಲರೂ ನಂಬಿದರು. ಈ ತರ್ಕದಲ್ಲಿ ತಪ್ಪೇನೂ ಕಾಣಿಸುವುದಿಲ್ಲ.

ಹಾಗಾಗಿ ಕೆಲವು ಜಾಗಗಳಿಗೆ ಬೇಲಿ ಬಂತು. ಬೇಲಿ ಮನುಷ್ಯರನ್ನು ತಡೆಯಿತು. ಜೊತೆಗೆ ದನ, ಕುರಿ, ಕುದುರೆಗಳನ್ನೂ ತಡೆಯಿತು. ಮೇಯುವವರಿಲ್ಲದೆ ಹುಲ್ಲು ಮೊಣಕಾಲೆತ್ತರ ಬೆಳೆಯಿತು. ನೋಡುವವರ ಕಣ್ಣಿಗೆ ಹಸಿರು ಹೆಚ್ಚಿತು, ಪ್ರಕೃತಿ ಚೇತರಿಸಿಕೊಂಡಂತೆ ಕಂಡಿತು. ಆದರೆ ಚಿಟ್ಟೆ ಅಲ್ಲಿಂದ ಹೊರಟುಹೋಯಿತು.

ಬೇಲಿಯಿಲ್ಲದ ಕಡೆಗಳಲ್ಲೂ ಹುಲ್ಲು ಎತ್ತರವಾಗತೊಡಗಿತ್ತು. ಅದಕ್ಕೆ ಎರಡು ಕಾರಣ. ಒಂದು, ಇಳಿಜಾರಿನ ಬಡ ನೆಲದಲ್ಲಿ ದನ ಕುರಿ ಮೇಯಿಸುವುದು ಲಾಭದಾಯಕವಲ್ಲ ಎಂದು ರೈತರು ಅದನ್ನು ಬಿಟ್ಟರು. ಎರಡು, 1953ರಲ್ಲಿ ಮಿಕ್ಸೊಮಟೋಸಿಸ್ ಎಂಬ ವೈರಸ್ ರೋಗ ಬ್ರಿಟನ್ನಿಗೆ ಬಂದು, ಕೆಲವೇ ವರ್ಷಗಳಲ್ಲಿ ಅಲ್ಲಿನ ಕಾಡು ಮೊಲಗಳಲ್ಲಿ ಬಹುಪಾಲನ್ನು ಕೊಂದುಹಾಕಿತು. ಹುಲ್ಲನ್ನು ಬುಡದವರೆಗೆ ಕತ್ತರಿಸಿಡುತ್ತಿದ್ದ ಮೊಲಗಳೇ ಇಲ್ಲವಾದವು.

1975ರಲ್ಲಿ ಈ ಚಿಟ್ಟೆಗೆ ಕಾನೂನಿನ ರಕ್ಷಣೆ ಸಿಕ್ಕಿತು. ಹಿಡಿಯುವುದು ಅಪರಾಧವಾಯಿತು. ಆ ಹೊತ್ತಿಗೆ ಹಿಡಿಯುವುದಕ್ಕೆ ಚಿಟ್ಟೆಗಳೇ ಹೆಚ್ಚು ಉಳಿದಿರಲಿಲ್ಲ.

ಹುಲ್ಲಿನ ಎತ್ತರಕ್ಕೂ ಚಿಟ್ಟೆಗೂ ಏನು ಸಂಬಂಧ?

ಈ ಪ್ರಶ್ನೆಗೆ ಉತ್ತರ ಕಂಡುಹಿಡಿದವರು ಜೆರೆಮಿ ಥಾಮಸ್ ಎಂಬ ಕೀಟ ವಿಜ್ಞಾನಿ. 1972ರಿಂದ ಅವರು ಉಳಿದಿದ್ದ ಕೊನೆಯ ಗುಂಪುಗಳ ಜಾಗದಲ್ಲೇ ಬೇಸಿಗೆಗಳನ್ನು ಕಳೆದು ಲೆಕ್ಕ ಇಟ್ಟರು. ಎಷ್ಟು ಮೊಟ್ಟೆ, ಎಷ್ಟು ಮರಿಹುಳು, ಎಷ್ಟು ಗೂಡು ಸೇರಿದವು, ಎಷ್ಟು ಬದುಕಿ ಬಂದವು ಎಂದು ಹಂತ ಹಂತವಾಗಿ ಎಣಿಸಿದರು.

ಥೈಮ್ ಸಾಕಷ್ಟಿತ್ತು. ಮೊಟ್ಟೆಗಳೂ ಇದ್ದವು. ಇರುವೆಗಳೂ ಇದ್ದವು. ಮರಿಹುಳುಗಳನ್ನು ಅವು ಗೂಡಿಗೆ ಒಯ್ಯುತ್ತಲೂ ಇದ್ದವು. ನಷ್ಟವಾಗುತ್ತಿದ್ದದ್ದು ನೆಲದಡಿಯ ಗೂಡಿನೊಳಗೆ.

ಅಲ್ಲಿಯವರೆಗೆ ಎಲ್ಲರೂ ‘ಕೆಂಪು ಇರುವೆ ಇದ್ದರಾಯಿತು’ ಎಂದುಕೊಂಡಿದ್ದರು. ಆದರೆ ಮೈರ್ಮಿಕಾ ಗುಂಪಿನಲ್ಲಿ ಹಲವು ಬಗೆಯ ಇರುವೆಗಳಿವೆ. ಬರಿಗಣ್ಣಿಗೆ ಎಲ್ಲ ಒಂದೇ ಥರ ಕಾಣುತ್ತವೆ. ಯಾವ ಬಗೆಯ ಮೈರ್ಮಿಕಾ ಆದರೂ ಮರಿಹುಳುವನ್ನು ಒಯ್ಯುತ್ತದೆ. ಆದರೆ ಅದು ಚೆನ್ನಾಗಿ ಬದುಕಿ ಬೆಳೆಯುವುದು ಮೈರ್ಮಿಕಾ ಸಬುಲೆಟಿ ಎಂಬ ಒಂದೇ ಬಗೆಯ ಇರುವೆಯ ಗೂಡಿನಲ್ಲಿ. ಬೇರೆ ಗೂಡು ಸೇರಿದವುಗಳಲ್ಲಿ ಬದುಕುಳಿಯುವುದು ತೀರಾ ಕಡಿಮೆ.

ಈಗ ಹುಲ್ಲಿನ ವಿಷಯಕ್ಕೆ ಬರೋಣ. ಸಬುಲೆಟಿ ಇರುವೆಗೆ ಬೆಚ್ಚಗಿನ ಮಣ್ಣು ಬೇಕು. ಇಂಗ್ಲೆಂಡಿನಂಥ ತಂಪು ದೇಶದಲ್ಲಿ ಮಣ್ಣು ಬೆಚ್ಚಗಿರಬೇಕಾದರೆ ಬಿಸಿಲು ನೇರವಾಗಿ ನೆಲಕ್ಕೆ ಬೀಳಬೇಕು. ಅಂದರೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿರಬೇಕು, ಹುಲ್ಲು ಸುಮಾರು 3 ಸೆಂಟಿಮೀಟರ್‌ಗಿಂತ ಗಿಡ್ಡವಾಗಿರಬೇಕು. ಹುಲ್ಲು ಅದಕ್ಕಿಂತ ಎತ್ತರವಾದರೆ ನೆಲಕ್ಕೆ ನೆರಳಾಗಿ ಮಣ್ಣಿನ ಉಷ್ಣತೆ 2ರಿಂದ 3 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ನಮಗೆ ಇದು ಗಮನಕ್ಕೂ ಬಾರದ ವ್ಯತ್ಯಾಸ. ಆದರೆ ಅಷ್ಟಕ್ಕೇ ಸಬುಲೆಟಿ ಜಾಗ ಖಾಲಿ ಮಾಡುತ್ತದೆ, ತಂಪು ಸಹಿಸುವ ಬೇರೆ ಮೈರ್ಮಿಕಾ ಇರುವೆ ಬಂದು ಸೇರಿಕೊಳ್ಳುತ್ತದೆ.

ಇನ್ನೂ ಒಂದು ಕಟ್ಟುಪಾಡಿದೆ. ಈ ಇರುವೆಗಳು ಆಹಾರಕ್ಕಾಗಿ ಗೂಡಿನಿಂದ ಸುಮಾರು 2 ಮೀಟರ್ ದೂರದವರೆಗೆ ಮಾತ್ರ ಹೋಗುತ್ತವೆ. ಹಾಗಾಗಿ ಥೈಮ್ ಗಿಡ ಮತ್ತು ಸರಿಯಾದ ಇರುವೆಯ ಗೂಡು ಅಷ್ಟು ಹತ್ತಿರದಲ್ಲಿ ಇರಬೇಕು. ಥೈಮ್ ಒಂದು ಕಡೆ, ಇರುವೆ ಇನ್ನೊಂದು ಕಡೆ ಇದ್ದರೆ ಎರಡೂ ಇದ್ದೂ ಇಲ್ಲದಂತೆ.

ಒಟ್ಟಾರೆ ಸರಪಳಿ ಹೀಗಿದೆ: ದನ ಮತ್ತು ಮೊಲ ಮೇಯ್ದರೆ ಹುಲ್ಲು ಗಿಡ್ಡ. ಹುಲ್ಲು ಗಿಡ್ಡವಿದ್ದರೆ ಮಣ್ಣು ಬೆಚ್ಚಗೆ. ಮಣ್ಣು ಬೆಚ್ಚಗಿದ್ದರೆ ಸಬುಲೆಟಿ ಇರುವೆ. ಆ ಇರುವೆ ಇದ್ದರೆ ದೊಡ್ಡ ನೀಲಿ. ಬೇಲಿ ಕಡಿದದ್ದು ಈ ಸರಪಳಿಯ ಮೊದಲ ಕೊಂಡಿಯನ್ನು.

ಉತ್ತರ ಸಿಕ್ಕಿತು, ಆದರೆ ತಡವಾಗಿತ್ತು

ಕಾರಣ ತಿಳಿದ ಮೇಲೆ ಕೊನೆಯ ಗುಂಪು ಉಳಿದಿದ್ದ ಜಾಗದಲ್ಲಿ ಮೇಯಿಸುವುದನ್ನು ಮತ್ತೆ ಶುರುಮಾಡಿದರು. ಆದರೆ ಅಷ್ಟರಲ್ಲಿ ಗುಂಪು ತೀರಾ ಚಿಕ್ಕದಾಗಿತ್ತು. 1975 ಮತ್ತು 1976ರ ಬರ ಅದನ್ನು ಇನ್ನಷ್ಟು ಕುಗ್ಗಿಸಿತು. ಡೆವನ್‌ನ ಡಾರ್ಟ್‌ಮೂರ್ ಅಂಚಿನಲ್ಲಿದ್ದ ಆ ಕೊನೆಯ ಗುಂಪು 1979ರಲ್ಲಿ ಇಲ್ಲವಾಯಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಕಾರಣ ಖಚಿತವಾಗಿ ಗೊತ್ತಿದ್ದರಿಂದ ಇನ್ನೊಂದು ದಾರಿ ಉಳಿದಿತ್ತು. ಮೊದಲು ನೆಲೆಯನ್ನು ಸರಿಮಾಡಿ, ಆಮೇಲೆ ಚಿಟ್ಟೆಯನ್ನು ಬೇರೆ ದೇಶದಿಂದ ತರುವುದು. ಪೊದೆಗಳನ್ನು ಸವರಿದರು, ದನ ಕುರಿಗಳನ್ನು ಮತ್ತೆ ಬಿಟ್ಟರು, ಥೈಮ್ ಬೆಳೆಯಲು ಅನುವು ಮಾಡಿದರು, ಸಬುಲೆಟಿ ಇರುವೆ ಮರಳಿ ಬಂದಿದೆಯೇ ಎಂದು ಗೂಡುಗಳನ್ನು ಎಣಿಸಿ ನೋಡಿದರು. 1983ರಲ್ಲಿ ಸ್ವೀಡನ್ನಿನ ಓಲಂಡ್ ದ್ವೀಪದಿಂದ ತಂದ ಮರಿಹುಳುಗಳನ್ನು ಡೆವನ್‌ನಲ್ಲಿ ಬಿಟ್ಟು ಪ್ರಯೋಗ ಆರಂಭಿಸಿದರು. ಮುಂದೆ ಸಾಮರ್‌ಸೆಟ್‌ನ ಬೆಟ್ಟಗಳಲ್ಲಿ ಚಿಟ್ಟೆ ಚೆನ್ನಾಗಿ ನೆಲೆಯೂರಿತು. ಅಲ್ಲಿನ ಕಾಲರ್ಡ್ ಹಿಲ್ ಎಂಬ ಬೆಟ್ಟಕ್ಕೆ 2000ದಲ್ಲಿ ತಂದ ಚಿಟ್ಟೆಗಳನ್ನು ಈಗ ಜೂನ್ ತಿಂಗಳಲ್ಲಿ ಯಾರು ಬೇಕಾದರೂ ಹೋಗಿ ನೋಡಬಹುದು. ಹಿಂದೆ ಜನರನ್ನು ದೂರ ಇಟ್ಟು ಕಾಪಾಡಲು ಹೊರಟಿದ್ದ ಚಿಟ್ಟೆ ಇದೇ.

2019ರಲ್ಲಿ ಗ್ಲಾಸ್ಟರ್‌ಶೈರ್‌ನ ರಾಡ್‌ಬರೋ ಕಾಮನ್ ಎಂಬ ಹುಲ್ಲುಗಾವಲಿನಲ್ಲಿ 1,100 ಮರಿಹುಳುಗಳನ್ನು ಬಿಟ್ಟರು. ಮರುವರ್ಷ ಅಲ್ಲಿ ಸುಮಾರು 750 ಚಿಟ್ಟೆಗಳು ಹಾರಿದವು ಎಂದು ಅಂದಾಜು. ಆ ಜಾಗದಲ್ಲಿ ದೊಡ್ಡ ನೀಲಿ ಕಾಣಿಸಿಕೊಂಡದ್ದು ಸುಮಾರು 150 ವರ್ಷಗಳಲ್ಲಿ ಅದೇ ಮೊದಲು.

ಸಾಮಾನ್ಯ ತಪ್ಪು ತಿಳಿವಳಿಕೆಗಳು

ನಂಬಿಕೆ: ಚಿಟ್ಟೆ ಬದುಕುವುದು ಒಂದೇ ದಿನ.
ವಾಸ್ತವ: ಹಾರುವ ಚಿಟ್ಟೆಯಾಗಿ ದೊಡ್ಡ ನೀಲಿ ಕೆಲವು ದಿನ ಬದುಕುತ್ತದೆ. ಬೇರೆ ಹಲವು ಜಾತಿಗಳು ವಾರಗಟ್ಟಲೆ, ಕೆಲವು ತಿಂಗಳುಗಟ್ಟಲೆ ಬದುಕುತ್ತವೆ. ಮೊಟ್ಟೆಯಿಂದ ಲೆಕ್ಕ ಹಾಕಿದರೆ ದೊಡ್ಡ ನೀಲಿಗೆ ಒಂದು ವರ್ಷದ, ಕೆಲವಕ್ಕೆ ಎರಡು ವರ್ಷದ ಆಯುಸ್ಸು. ಅದರಲ್ಲಿ ಬಹುಪಾಲು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ನಂಬಿಕೆ: ಹೂಗಿಡ ನೆಟ್ಟರೆ ಚಿಟ್ಟೆ ಉಳಿಯುತ್ತದೆ.
ವಾಸ್ತವ: ಹೂವು ಹಾರುವ ಚಿಟ್ಟೆಗೆ ಊಟ. ಮರಿಹುಳುವಿಗೆ ಬೇಕಾದ ಗಿಡ ಬೇರೆಯೇ ಇರಬಹುದು. ದೊಡ್ಡ ನೀಲಿಗಂತೂ ಗಿಡವೊಂದೇ ಸಾಲದು, ಸರಿಯಾದ ಇರುವೆಯೂ ಬೇಕು. ಅದು ಅಳಿದ ಹಲವು ಜಾಗಗಳಲ್ಲಿ ಥೈಮ್ ಹೂ ಬಿಡುತ್ತಲೇ ಇತ್ತು.

ನಂಬಿಕೆ: ಮೇಯಿಸುವುದು ಹುಲ್ಲುಗಾವಲಿಗೆ ಯಾವಾಗಲೂ ಕೇಡು.
ವಾಸ್ತವ: ಎಷ್ಟು, ಯಾವಾಗ, ಎಲ್ಲಿ ಎಂಬುದರ ಮೇಲೆ ಅವಲಂಬಿತ. ದೊಡ್ಡ ನೀಲಿಯ ಬೆಟ್ಟಗಳಲ್ಲಿ ಶರತ್ಕಾಲದಿಂದ ವಸಂತದವರೆಗೆ ಚೆನ್ನಾಗಿ ಮೇಯಿಸುತ್ತಾರೆ. ಥೈಮ್ ಹೂ ಬಿಡುವ, ಚಿಟ್ಟೆ ಮೊಟ್ಟೆಯಿಡುವ ಬೇಸಿಗೆಯಲ್ಲಿ ದನಗಳನ್ನು ಹೊರಗಿಡುತ್ತಾರೆ ಅಥವಾ ಕಡಿಮೆ ಮಾಡುತ್ತಾರೆ. ಹೂವನ್ನೂ ಮೇಯ್ದುಬಿಟ್ಟರೆ ಮೊಟ್ಟೆಯೂ ಹೋಗುತ್ತದೆ.

ನಂಬಿಕೆ: ಹಾಗಾದರೆ ಎಲ್ಲ ಕಡೆಯೂ ಹುಲ್ಲನ್ನು ಗಿಡ್ಡ ಮಾಡಿದರಾಯಿತು.
ವಾಸ್ತವ: ಅದೂ ತಪ್ಪು. ಇಂಗ್ಲೆಂಡಿಗಿಂತ ಬೆಚ್ಚಗಿರುವ ದಕ್ಷಿಣ ಯುರೋಪಿನಲ್ಲಿ ಇದೇ ಚಿಟ್ಟೆ ಎತ್ತರದ ಹುಲ್ಲಿನಲ್ಲೂ ಬದುಕುತ್ತದೆ. ಅಲ್ಲಿ ಗಿಡ್ಡ ಹುಲ್ಲಿನ ಮಣ್ಣು ಅತಿಯಾಗಿ ಬಿಸಿಯಾಗಬಹುದು. ಒಂದು ಊರಿನ ಸೂತ್ರ ಇನ್ನೊಂದು ಊರಿಗೆ ಹೊಂದಬೇಕೆಂದಿಲ್ಲ.

ನಮ್ಮ ಕಡೆ ಇಂಥದ್ದೇನಾದರೂ ಇದೆಯೇ?

ದೊಡ್ಡ ನೀಲಿ ಕರ್ನಾಟಕದಲ್ಲಿಲ್ಲ. ಆದರೆ ಅದರ ಕುಟುಂಬದ ಹತ್ತಾರು ಬಂಧುಗಳು ಇಲ್ಲಿವೆ. ಮನೆ ಮುಂದಿನ ಹುಲ್ಲಿನಲ್ಲಿ, ಹೊಲದ ಬದುವಿನಲ್ಲಿ ನೆಲಕ್ಕೆ ಹತ್ತಿರ ಹಾರಾಡುವ ಉಗುರಿನಷ್ಟು ಪುಟ್ಟ ನೀಲಿ ಚಿಟ್ಟೆಗಳನ್ನು ನೀವು ನೋಡಿರುತ್ತೀರಿ. ಅವೂ ಇದೇ ಕುಟುಂಬದವು. ಈ ಕುಟುಂಬದ ಹಲವು ಮರಿಹುಳುಗಳಿಗೆ ಇರುವೆಗಳ ಜೊತೆ ನಂಟಿದೆ. ಹೆಚ್ಚಿನವು ದೊಡ್ಡ ನೀಲಿಯಂತೆ ಮೋಸಗಾರರಲ್ಲ. ಸಿಹಿ ರಸ ಕೊಟ್ಟು ಬದಲಿಗೆ ಇರುವೆಗಳ ಕಾವಲು ಪಡೆಯುತ್ತವೆ. ಮಲೆನಾಡಿನವರಿಗೆ ಚೆನ್ನಾಗಿ ಗೊತ್ತಿರುವ, ಎಲೆಗಳನ್ನು ಹೊಲಿದು ಮರದ ಮೇಲೆ ಗೂಡು ಕಟ್ಟುವ ಚಗಳಿ ಇರುವೆಗಳು ಕೂಡ ಈ ಕುಟುಂಬದ ಕೆಲವು ಚಿಟ್ಟೆಗಳ ಮರಿಹುಳುಗಳನ್ನು ಕಾಯುತ್ತವೆ. ಮಾಂಸ ತಿನ್ನುವ ಮರಿಹುಳುವೂ ನಮ್ಮಲ್ಲಿದೆ. ‘ಏಪ್‌ಫ್ಲೈ’ ಎಂಬ ಚಿಟ್ಟೆಯ ಮರಿಹುಳು ಗಿಡಗಳಿಗೆ ಅಂಟುವ ಬಿಳಿ ಹಿಟ್ಟು ತಿಗಣೆಗಳನ್ನು ತಿಂದು ರೈತರಿಗೆ ಉಪಕಾರ ಮಾಡುತ್ತದೆ. ಅದರ ಕೋಶವನ್ನು ನೋಡಿದರೆ ಥೇಟ್ ಕೋತಿಯ ಮುಖ.

ಇನ್ನೊಂದು ಸಂಬಂಧ ನಮ್ಮ ಹುಲ್ಲುಗಾವಲುಗಳದ್ದು. ಮರವಿಲ್ಲದ ಬಯಲು ಕಂಡರೆ ‘ಪಾಳುಭೂಮಿ’ ಎನ್ನುವುದು, ಅಲ್ಲಿ ಗಿಡ ನೆಟ್ಟರೆ ಪುಣ್ಯ ಎನ್ನುವುದು ನಮ್ಮ ಅಭ್ಯಾಸ. ಮಳೆಗಾಲ ಬಂದಾಗ ಇಂಥ ಕರೆಗಳು ಮೊಬೈಲ್‌ಗಳಲ್ಲಿ ಹರಿದಾಡುತ್ತವೆ. ಆದರೆ ಹುಲ್ಲುಗಾವಲು ಕಡಿದುಹೋದ ಕಾಡಲ್ಲ, ಅದು ತನ್ನದೇ ಆದ ನೆಲೆ. ಕೃಷ್ಣಮೃಗ, ತೋಳ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು, ಹುಲ್ಲನ್ನೇ ನೆಚ್ಚಿದ ಚಿಟ್ಟೆಗಳು ಅಲ್ಲಿ ಬದುಕುತ್ತವೆ. ಬಯಲು ಪ್ರಾಣಿಯಾದ ಕೃಷ್ಣಮೃಗಕ್ಕಾಗಿ ಇರುವ ರಾಣೆಬೆನ್ನೂರು ಅಭಯಾರಣ್ಯದಲ್ಲೇ ನೀಲಗಿರಿ ತೋಪುಗಳು ಬಹಳಷ್ಟು ಜಾಗ ಆವರಿಸಿವೆ. ಬಯಲಿಗೆ ಮರ ನೆಟ್ಟರೆ ನೆಲಕ್ಕೆ ನೆರಳು ಬೀಳುತ್ತದೆ. ನೆರಳು ಬಿದ್ದರೆ ಅಲ್ಲಿನ ಹುಲ್ಲು, ಇರುವೆ, ಹುಳು ಎಲ್ಲವೂ ಬದಲಾಗುತ್ತವೆ. 2 ಡಿಗ್ರಿ ತಂಪು ಒಂದು ಚಿಟ್ಟೆಯ ಹಣೆಬರಹವನ್ನೇ ಬದಲಿಸಿದ್ದನ್ನು ನಾವು ಈಗಷ್ಟೇ ಓದಿದೆವು.

ಇದರರ್ಥ ಗಿಡ ನೆಡಬಾರದು ಎಂದಲ್ಲ. ರಸ್ತೆ ಬದಿ, ಶಾಲೆಯ ಅಂಗಳ, ಬೋಳಾದ ಕಾಡಿನ ಜಾಗ ಇವೆಲ್ಲ ಇದ್ದೇ ಇವೆ. ಹುಲ್ಲುಗಾವಲಿನಲ್ಲಿ ನೆಡುವ ಮುಂಚೆ ಅಲ್ಲಿ ಈಗಾಗಲೇ ಯಾರು ವಾಸವಾಗಿದ್ದಾರೆ ಎಂದು ಕೇಳಿ ನೋಡಬೇಕು, ಅಷ್ಟೇ.

ಕೊನೆಯ ಮಾತು

ದೊಡ್ಡ ನೀಲಿಯನ್ನು ಕಾಪಾಡಲು ಹೊರಟವರಲ್ಲಿ ಕಾಳಜಿಗೆ ಕೊರತೆಯಿರಲಿಲ್ಲ. ಅವರಿಗೆ ಗೊತ್ತಿಲ್ಲದೆ ಹೋದದ್ದು ಚಿಟ್ಟೆಯ ಬದುಕಿನ ಹತ್ತು ತಿಂಗಳು, ಮಣ್ಣಿನೊಳಗೆ ಕಳೆಯುವ ಆ ಹತ್ತು ತಿಂಗಳು. ಆ ಭಾಗ ತಿಳಿದ ಮೇಲೆ, ಅಳಿದುಹೋದ ಚಿಟ್ಟೆಯೂ ಮತ್ತೆ ಹಾರಿತು.

ಆದ್ದರಿಂದ ಮುಂದಿನ ಸಲ ‘ಹೀಗೆ ಮಾಡಿ, ಪರಿಸರ ಉಳಿಸಿ’ ಎಂಬ ಒಂದು ಸಾಲಿನ ಸಂದೇಶ ಬಂದಾಗ, ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವ ಜೀವಿಗಾಗಿ? ಯಾವ ಜಾಗದಲ್ಲಿ? ಅದರ ಬದುಕಿನ ಯಾವ ಹಂತಕ್ಕೆ? ಈ ಮೂರಕ್ಕೂ ಸಂದೇಶದಲ್ಲಿ ಉತ್ತರವಿದ್ದರೆ ಧಾರಾಳವಾಗಿ ಹಂಚಿಕೊಳ್ಳಿ. ಇಲ್ಲದಿದ್ದರೆ ಮೊದಲು ಉತ್ತರ ಹುಡುಕಿ.